ಕುರ್ಚಿ ನಮ್ಮದಾದರೆ ಕಣ್ಣೂ ನಮ್ಮದಾಗುತ್ತದೆ ಅಂದುಕೊಂಡಿದ್ದೆವು



ಇವತ್ತು 2026ರ ಜನವರಿ 1. ಬೆಳಿಗ್ಗೆ ಜಾಲಿಯಲ್ಲಿ ನಾವು ಇಪ್ಪತ್ತೈದು ಮೂವತ್ತು ಜನ ಸೇರಿ ಕೋರೆಗಾಂವ್ ವಿಜಯಸ್ತಂಭದ ಫೋಟೋಕ್ಕೆ ಹೂ ಹಾಕಿ, ಬಾಬಾಸಾಹೇಬರನ್ನು ನೆನೆದು, ಚಹಾ ಅವಲಕ್ಕಿ ತಿಂದು ಬಂದೆವು. ಬಂದವನು ನೇರ ಈ ಪೋಸ್ಟ್ ಬರೆಯೋಕೆ ಕೂತಿದ್ದೇನೆ. ಎರಡು ತಿಂಗಳಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದ್ದು ಇದು. ಉದ್ದ ಆಗ್ತದೆ. ಪುರಸೊತ್ತಾದಾಗ ಓದಿ. ಬೈಯುವುದಾದರೆ ಪೂರ್ತಿ ಓದಿ ಬೈಯಿರಿ, ಅರ್ಧ ಓದಿ ಬೈಯಬೇಡಿ.

ಮೊದಲು ಒಂದು ಘಟನೆ ಹೇಳ್ತೇನೆ.

ಹೋದ ದೀಪಾವಳಿ ಕಳೆದು ಮೂರ್ನಾಲ್ಕು ದಿನ ಆಗಿತ್ತು. ಒಂದು ಕೇರಿಯಲ್ಲಿ ಸಣ್ಣ ಸಭೆ ಕರೆದಿದ್ದೆವು. ಯಾವ ಕೇರಿ ಅಂತ ಬರೆಯೋದಿಲ್ಲ, ಬರೆದರೆ ಅಲ್ಲಿಯ ಹೆಂಗಸರಿಗೇ ತೊಂದರೆ. ವಿಷಯ ಕ್ರಾಂತಿಯಲ್ಲ, ಸ್ಮಶಾನದ ದಾರಿ. ಮಳೆಗಾಲದಲ್ಲಿ ಹೆಣ ಹೊತ್ತುಕೊಂಡು ಮೊಣಕಾಲುದ್ದ ನೀರಿರುವ ಗದ್ದೆಯಲ್ಲಿ ಹೋಗಬೇಕು. ಒಂದು ಅರ್ಜಿ ಬರೆದು ಕೊಡೋಣ ಅಂತ ಸರ್ಕಾರಿ ಶಾಲೆಯ ಅಂಗಳದಲ್ಲಿ ಕೂತಿದ್ದೆವು. ಹೆಂಗಸರು ಗಂಡಸರು ಸೇರಿ ಹದಿನಾಲ್ಕು ಜನ.

ಹದಿನಾಲ್ಕು ಅಂತ ಎಣಿಸಿದವನು ನಾನಲ್ಲ. ಬೈಕಿನಲ್ಲಿ ಬಂದ ಪೊಲೀಸರು ಎಣಿಸಿದರು. ಬೆರಳು ತೋರಿಸಿ, ಒಂದೊಂದೇ ತಲೆ ಎಣಿಸಿದರು. ಆಮೇಲೆ ಮೊಬೈಲ್ ತೆಗೆದು ಎಡದಿಂದ ಬಲಕ್ಕೆ ನಿಧಾನ ವಿಡಿಯೋ ಮಾಡಿದರು. ಹೆಸರು, ಅಪ್ಪನ ಹೆಸರು, ಫೋನ್ ನಂಬರ್ ಬರೆದುಕೊಂಡರು. ನಾನು ಕೇಳಿದೆ, ಎಂತಕ್ಕೆ ಸಾರ್ ಇದೆಲ್ಲ, ನಾವು ಸ್ಮಶಾನಕ್ಕೆ ದಾರಿ ಕೇಳ್ತಾ ಇದ್ದೇವೆ ಅಷ್ಟೆ. ಅವರು ಸಿಟ್ಟು ಮಾಡಲಿಲ್ಲ. ನಗ್ತಾನೇ ಹೇಳಿದರು: "ಸರ್ಕಾರಿ ಜಾಗದಲ್ಲಿ ಹತ್ತು ಜನಕ್ಕಿಂತ ಹೆಚ್ಚು ಸೇರಬೇಕಾದ್ರೆ ಪರ್ಮಿಷನ್ ಬೇಕು, ಹೊಸ ಆರ್ಡರ್ ಬಂದಿದೆ. ನೀವೇ ಫೇಸ್‌ಬುಕ್ಕಲ್ಲಿ ಹಾಕಿದ್ರಲ್ಲ ಮಾರಾಯ್ರೆ, ಒಳ್ಳೇ ಆರ್ಡರ್ ಅಂತ!"

ಸಂಗಾತಿಗಳೇ, ನನ್ನ ಬಾಯಿ ಕಟ್ಟಿಹೋಯಿತು. ಯಾಕೆಂದರೆ ಅವರು ಹೇಳಿದ್ದು ನಿಜ. ನಾನೇ ಹಾಕಿದ್ದೆ.

ಅಕ್ಟೋಬರ್ 18ರ ಆ ಆದೇಶ ನಿಮಗೆ ನೆನಪಿರಬಹುದು. ಖಾಸಗಿ ಸಂಘ ಸಂಸ್ಥೆಗಳು ಸರ್ಕಾರಿ ಶಾಲೆ, ಮೈದಾನ, ರಸ್ತೆ ಬಳಸಬೇಕಾದರೆ ಮುಂಚೆ ಅನುಮತಿ ಪಡೀಬೇಕು ಅಂತ. ಚಿತ್ತಾಪುರದ ಪಥಸಂಚಲನದ ಗಲಾಟೆ ನಡೀತಿದ್ದ ಹೊತ್ತು. ಆರ್‌ಎಸ್‌ಎಸ್ ಶಾಖೆಗಳಿಗೆ ಬಿಸಿ ಮುಟ್ಟಿತು ಅಂತ ನಾವೆಲ್ಲ ಸಂಭ್ರಮಿಸಿದೆವು. ನಾನು ಆದೇಶದ ಪ್ರತಿ ಹಾಕಿ, ಮೇಲೆ ಮೂರು ನೀಲಿ ಹೃದಯ ಇಟ್ಟಿದ್ದೆ. ನಿಮ್ಮಲ್ಲಿ ಇನ್ನೂರು ಮುನ್ನೂರು ಜನ ಲೈಕ್ ಒತ್ತಿದ್ದೀರಿ. ಆದೇಶದಲ್ಲಿ ಆರ್‌ಎಸ್‌ಎಸ್ ಅನ್ನುವ ಹೆಸರೇ ಇಲ್ಲ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹತ್ತು ಜನ ಅಂದರೆ ಹತ್ತು ಜನ, ಚಡ್ಡಿ ಹಾಕಿದ ಹತ್ತು ಜನವೂ ಹೌದು, ನೀಲಿ ಶಾಲು ಹಾಕಿದ ಹತ್ತು ಜನವೂ ಹೌದು.

ಅಕ್ಟೋಬರ್ 28ಕ್ಕೆ ಹೈಕೋರ್ಟಿನ ಧಾರವಾಡ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. ಸರ್ಕಾರ ಮೇಲ್ಮನವಿ ಹೋಯಿತು, ಅದೂ ನಿಲ್ಲಲಿಲ್ಲ. ಕೋರ್ಟಿಗೆ ಹೋದವರು ನಾವಲ್ಲ, ಅವರ ಕಡೆಯವರು. ನಮ್ಮ ಸ್ಮಶಾನದ ಸಭೆಗೆ ರಕ್ಷಣೆ ಸಿಕ್ಕಿದ್ದು ನಮ್ಮ ಹೋರಾಟದಿಂದಲ್ಲ, ನಾವು ದಿನಾ ಬೈಯುವವರ ಅರ್ಜಿಯಿಂದ! ಇದಕ್ಕಿಂತ ನಾಚಿಕೆಗೇಡು ಇನ್ನೇನು ಬೇಕು?

ಕತೆ ಅಲ್ಲಿಗೇ ಮುಗಿಯಲಿಲ್ಲ. ಸಭೆ ಆಗಿ ಎರಡು ದಿನಕ್ಕೆ ಆ ವಿಡಿಯೋದ ಒಂದು ತುಣುಕು ಒಬ್ಬ ತೋಟದ ಒಡೆಯರ ಮೊಬೈಲಲ್ಲಿತ್ತು. ಹೇಗೆ ಹೋಯಿತು, ಯಾರು ಕಳಿಸಿದರು, ಸಾಬೀತು ಮಾಡೋಕೆ ನನ್ನ ಹತ್ರ ಏನೂ ಇಲ್ಲ. ಆದರೆ ಆ ಸಭೆಯಲ್ಲಿ ಕೂತಿದ್ದ ಒಬ್ಬ ಅಕ್ಕನಿಗೆ ಅವರು ಹೇಳಿದ್ದು ಗೊತ್ತು: "ಮೀಟಿಂಗ್ ಮಾಡೋಕೆ ಪುರಸೊತ್ತು ಇದ್ದವರಿಗೆ ನಮ್ಮಲ್ಲಿ ಕೆಲಸ ಇಲ್ಲ." ಅಡಿಕೆ ಕೊಯ್ಲಿನ ಹೊತ್ತಲ್ಲಿ ಆಕೆಯ ಕೂಲಿ ಹೋಯಿತು. ಹನ್ನೆರಡು ವರ್ಷದಿಂದ ಅದೇ ತೋಟಕ್ಕೆ ಹೋಗ್ತಿದ್ದ ಅಕ್ಕ.

"ತಪ್ಪು ಮಾಡದವರಿಗೆ ಭಯ ಯಾಕೆ?" ಅಂತ ಕೇಳ್ತಾರಲ್ಲ, ಅವರಿಗೆ ನಾನು ಈ ಅಕ್ಕನನ್ನು ತೋರಿಸ್ತೇನೆ. ಆಕೆ ಏನು ತಪ್ಪು ಮಾಡಿದ್ದಳು? ದೊಡ್ಡವರ ಮೇಲೆ ಕಣ್ಗಾವಲು ಇಟ್ಟರೆ ಅದು ಪೇಪರಿನಲ್ಲಿ ಸುದ್ದಿ. ನಮ್ಮ ಮೇಲೆ ಇಟ್ಟರೆ ಅದು ನಮ್ಮ ಒಲೆಗೆ ನೀರು.

ಈಗ ವಿಷಯಕ್ಕೆ ಬರ್ತೇನೆ.

2023ರ ಮೇ ತಿಂಗಳಲ್ಲಿ ನಾವೆಲ್ಲ ಏನು ಮಾಡಿದೆವು? ಬಿಸಿಲು ನೋಡಲಿಲ್ಲ, ಕೈಯಿಂದ ಪೆಟ್ರೋಲ್ ಹಾಕಿಕೊಂಡು ಭಟ್ಕಳ, ಹೊನ್ನಾವರ, ಕುಮಟಾ ಕೇರಿ ಕೇರಿ ತಿರುಗಿದೆವು. ಎದ್ದೇಳು ಕರ್ನಾಟಕದ ಕರಪತ್ರ ಹಂಚಿದೆವು. ಮುಕ್ರಿ ಕೇರಿ, ಆಗೇರ ಕೇರಿ, ಹಳ್ಳೇರ ಕೇರಿ ಬಿಡಲಿಲ್ಲ. 135 ಸೀಟು ಬಂದ ದಿನ ಕಣ್ಣಲ್ಲಿ ನೀರು ಬಂದಿತ್ತು. ಭಟ್ಕಳದಲ್ಲಿ ಗೆದ್ದವರು ಮಂತ್ರಿಯೂ ಆದರು. ಇನ್ನು ಮೇಲೆ ಠಾಣೆಗೆ ಹೋದರೆ ಕುರ್ಚಿ ಕೊಡ್ತಾರೆ ಅಂತ ಹುಡುಗರು ತಮಾಷೆ ಮಾಡಿದ್ದರು. ನಿಜ ಹೇಳಬೇಕೆಂದರೆ ಅದು ತಮಾಷೆ ಅಲ್ಲ, ಆಸೆ.

ಗ್ಯಾರಂಟಿ ಬಂತು, ಅದನ್ನು ನಾನು ಅಲ್ಲಗಳೆಯೋದಿಲ್ಲ. ನಮ್ಮಬ್ಬಿ ತಿಂಗಳು ತಿಂಗಳು ಎರಡು ಸಾವಿರ ಎಣಿಸಿಕೊಂಡು ಮಾತ್ರೆ ತರ್ತಾಳೆ. ಬಸ್ಸಿನಲ್ಲಿ ಹೆಂಗಸರು ತಲೆ ಎತ್ತಿ ಕೂರ್ತಾರೆ. ಅದು ಸಣ್ಣ ವಿಷಯ ಅಲ್ಲ. ಆದರೆ ನಾವು ವೋಟು ಹಾಕಿದ್ದು ಎರಡಕ್ಕೆ: ಒಂದು ಹೊಟ್ಟೆಗೆ, ಇನ್ನೊಂದು ಉಸಿರಿಗೆ. ಹೊಟ್ಟೆಗೆ ಕೊಟ್ಟವರು ಉಸಿರಿನ ಲೆಕ್ಕ ಕೊಡಬೇಡವಾ?

ಲೆಕ್ಕ ನೋಡಿ.

ಬೆಂಗಳೂರಿನಲ್ಲಿ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್ ಒಂದೇ ಅಂತ ಮಾಡಿದ ಆದೇಶ 2021ರದ್ದು, ಬಿಜೆಪಿ ಸರ್ಕಾರದ ಕಾಲದ್ದು. ಆಗ ನಾವು ಅದನ್ನು ಸರ್ವಾಧಿಕಾರ ಅಂದೆವು. ಆ ಸರ್ಕಾರ ಹೋಗಿ ಎರಡೂವರೆ ವರ್ಷ ಆಯಿತು, ಆದೇಶ ಹೋಗಲಿಲ್ಲ. ಗೋಡೆ ಕಟ್ಟಿದವನನ್ನು ಓಡಿಸಿ, ಗೋಡೆಯನ್ನು ಹಾಗೇ ಇಟ್ಟುಕೊಂಡು ಸುಣ್ಣ ಬಳಿದರು.

ಮತಾಂತರ ನಿಷೇಧ ಕಾಯ್ದೆ, 2022ರದ್ದು. ಇದನ್ನು ನಮ್ಮವರೇ ಎಷ್ಟೋ ಜನ ಪೂರ್ತಿ ಓದಿಲ್ಲ. ಧರ್ಮ ಬದಲಿಸುವವರು ಮೂವತ್ತು ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಫಾರಂ ತುಂಬಿ ಕೊಡಬೇಕು. ಅದನ್ನು ಕಚೇರಿಯ ನೋಟಿಸ್ ಬೋರ್ಡಿಗೆ ಹಚ್ಚಿ ಆಕ್ಷೇಪಣೆ ಕರೀತಾರೆ. ಅಂದರೆ ನಾನು ನಾಳೆ ಬುದ್ಧನ ಕಡೆ ಹೊರಟರೆ ಊರಿನವರೆಲ್ಲ ಮೊದಲು ಅದನ್ನು ಓದಬೇಕು, ಬೇಡ ಅನ್ನಬೇಕು! ಮತಾಂತರ ಮಾಡಿಸಿದವರಿಗೆ ಶಿಕ್ಷೆ ಹೆಚ್ಚು ಆಗುವುದು ಯಾರ ವಿಷಯದಲ್ಲಿ ಗೊತ್ತಾ? ಅಪ್ರಾಪ್ತರು, ಬುದ್ಧಿಭ್ರಮಣೆ ಆದವರು, ಹೆಂಗಸರು, ಮತ್ತೆ ಪರಿಶಿಷ್ಟ ಜಾತಿ, ಪಂಗಡದವರು. ಐದು ಲಕ್ಷಕ್ಕೂ ಹತ್ತಿರ ಜನರನ್ನು ಕರೆದುಕೊಂಡು ನಾಗಪುರದಲ್ಲಿ ದೀಕ್ಷೆ ತಗೊಂಡ ಬಾಬಾಸಾಹೇಬರ ಜನಕ್ಕೆ, ತನ್ನ ಧರ್ಮ ತಾನು ಆರಿಸುವ ಬುದ್ಧಿ ಇಲ್ಲ ಅಂತ ಕಾಯ್ದೆಯಲ್ಲೇ ಬರೆದಿಟ್ಟಿದ್ದಾರೆ. ಈ ಕಾಯ್ದೆ ರದ್ದು ಮಾಡ್ತೇವೆ ಅಂತ 2023ರ ಜೂನ್ 15ರಂದು ಸಚಿವ ಸಂಪುಟ ತೀರ್ಮಾನ ಮಾಡಿತು. ನಾವು ಪಟಾಕಿ ಹೊಡೆದೆವು. ಪಟಾಕಿಯ ಹೊಗೆ ಹೋಯಿತು, ಕಾಯ್ದೆ ಹೋಗಲಿಲ್ಲ.

ಹೋದ ಜೂನ್‌ನಲ್ಲಿ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಹೊರಗೆ ಬಂತು. ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಯಾವುದು ಸುಳ್ಳು ಅಂತ ತೀರ್ಮಾನ ಮಾಡುವ ಪ್ರಾಧಿಕಾರಕ್ಕೆ ಮಂತ್ರಿಯೇ ಅಧ್ಯಕ್ಷರು. ಕೋಳಿ ಲೆಕ್ಕಕ್ಕೆ ನರಿ ಯಜಮಾನ. ಗದ್ದಲ ಆದ ಮೇಲೆ ಅದು ಕರಡು ಮಾತ್ರ ಅಂದರು.

ಮೊನ್ನೆ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆ ಪಾಸಾಯಿತು. ಒಂದು ವರ್ಷದಿಂದ ಏಳು ವರ್ಷ ಜೈಲು. ಇಲ್ಲಿ ನನ್ನ ಮಾತು ತಪ್ಪು ತಿಳೀಬೇಡಿ. ದ್ವೇಷ ಭಾಷಣದ ಬೆಂಕಿ ಏನು ಅಂತ ಭಟ್ಕಳದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1993ರಲ್ಲಿ ತಿಂಗಳುಗಟ್ಟಲೆ ಈ ಊರು ಉರಿದದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. ದ್ವೇಷ ಕಾರುವವರಿಗೆ ಶಿಕ್ಷೆ ಆಗಲೇಬೇಕು. ನನ್ನ ತಕರಾರು ಬೇರೆ. ಇದು ದ್ವೇಷ, ಇದನ್ನು ತೆಗೆದುಹಾಕಿ ಅಂತ ಹೇಳುವ ಅಧಿಕಾರ ಸರ್ಕಾರ ನೇಮಿಸಿದ ಅಧಿಕಾರಿಯ ಕೈಗೆ. ಮುನ್ನೆಚ್ಚರಿಕೆ ಕ್ರಮದ ಅಧಿಕಾರವೂ ಅಧಿಕಾರಿಗಳ ಕೈಗೆ. ಡಿಸೆಂಬರ್ 25ಕ್ಕೆ ನಾವು ಮನುಸ್ಮೃತಿ ಸುಡುತ್ತೇವೆ, 1927ರ ಮಹಾಡ್ ನೆನಪಿಗೆ. ನಾಳೆ ಬೇರೆ ಸರ್ಕಾರ ಬಂದಾಗ, ಅದೇ ಕುರ್ಚಿಯಲ್ಲಿ ಕೂತ ಅಧಿಕಾರಿಗೆ ಅದು ಒಂದು ಧರ್ಮದ ಮೇಲಿನ ದ್ವೇಷ ಅಂತ ಕಂಡರೆ? ಅವತ್ತು ನಾವು ಎಲ್ಲಿಗೆ ಹೋಗಿ, ಇದು ನಮಗೋಸ್ಕರ ಮಾಡಿದ ಕಾಯ್ದೆ ಸ್ವಾಮಿ ಅಂತ ಅಳೋದು?

ನಮ್ಮ ಮನೆಗೆ ಹಾವು ಬಂತು ಅಂತ ಪಕ್ಕದ ಮನೆಯವನ ಕೈಗೆ ಕತ್ತಿ ಕೊಟ್ಟರೆ, ಹಾವು ಹೋದ ಮೇಲೆ ಕತ್ತಿ ವಾಪಸ್ ಕೊಡ್ತಾನಾ?

ಇದು ಇವತ್ತಿನ ಕತೆ ಮಾತ್ರ ಅಲ್ಲ. ನಮ್ಮ ಜಿಲ್ಲೆಯದೇ ಒಂದು ಹಳೇ ಕತೆ ಉಂಟು.

ರಾಮಕೃಷ್ಣ ಹೆಗಡೆ. ಸಿದ್ಧಾಪುರದ ದೊಡ್ಮನೆಯವರು, ಘಟ್ಟ ಹತ್ತಿದರೆ ನಮ್ಮ ಪಕ್ಕದ ತಾಲ್ಲೂಕು. ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡವರು. 1983ರಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ. ಲೋಕಾಯುಕ್ತ ಕಾಯ್ದೆ ತಂದರು, ನಜೀರ್ ಸಾಬರ ಜತೆ ಪಂಚಾಯತಿಗಳಿಗೆ ಅಧಿಕಾರ ಕೊಟ್ಟರು. ಮೌಲ್ಯಾಧಾರಿತ ರಾಜಕಾರಣ ಅನ್ನುವ ಮಾತು ಅವರ ಹೆಸರಿಗೇ ಅಂಟಿಕೊಂಡಿತ್ತು. ಅಂಥವರ ಸರ್ಕಾರದಲ್ಲಿ ಹತ್ತಾರು ಮಂದಿಯ ಟೆಲಿಫೋನ್ ಕದ್ದು ಕೇಳಲು ಪೊಲೀಸರು ಆದೇಶ ಮಾಡಿದ್ದ ದಾಖಲೆ 1988ರಲ್ಲಿ ಹೊರಗೆ ಬಂತು. ಆ ಪಟ್ಟಿಯಲ್ಲಿ ವಿರೋಧಿಗಳು ಮಾತ್ರ ಅಲ್ಲ, ಅವರದೇ ಪಕ್ಷದ ಭಿನ್ನಮತೀಯರೂ ಇದ್ದರು. ಆಗಸ್ಟ್‌ನಲ್ಲಿ ಹೆಗಡೆಯವರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು.

ನಮ್ಮ ದೊಡ್ಡಪ್ಪ ಆಗ ಜನತಾ ಪಕ್ಷದ ಬಾವುಟ ಕಟ್ಟಿದವರು. ಆ ಸುದ್ದಿ ರೇಡಿಯೋದಲ್ಲಿ ಬಂದ ದಿನ ಊಟ ಮಾಡಲಿಲ್ಲವಂತೆ. "ಜೈಲಿಗೆ ಹಾಕಿಸಿಕೊಂಡವರೇ ಕದ್ದು ಕೇಳಿದ್ರಲ್ಲ, ಇನ್ನು ಯಾರನ್ನು ನಂಬೋದು?" ಅಂತ ಸಾಯುವ ತನಕ ಹೇಳ್ತಿದ್ದರು. ನಾನು ಚಿಕ್ಕವನಿದ್ದಾಗ ಇದು ಅವರ ಹಳೇ ರಗಳೆ ಅಂದುಕೊಂಡಿದ್ದೆ. ಈಗ ದೊಡ್ಡಪ್ಪ ಅರ್ಥ ಆಗ್ತಿದ್ದಾರೆ.

ಆದರೆ ದೊಡ್ಡಪ್ಪನ ಪ್ರಶ್ನೆಯೇ ಸ್ವಲ್ಪ ತಪ್ಪು ಅಂತ ನನಗೆ ಅನಿಸ್ತದೆ. ಯಾರನ್ನು ನಂಬೋದು ಅನ್ನೋದಲ್ಲ, ನಂಬಿಕೆಯ ಮೇಲೆ ಈ ಅಧಿಕಾರ ಯಾರಿಗೂ ಯಾಕೆ ಕೊಡಬೇಕು ಅನ್ನೋದು ಪ್ರಶ್ನೆ.

ನೋಡಿ, ಹೆಗಡೆಯವರ ಮೇಲೆ ಕೂಗಾಡಿದ ದೆಹಲಿಯವರೇನು ಸಾಚಾಗಳಾ? ರಾಜೀವ್ ಗಾಂಧಿ ಸರ್ಕಾರ 1986ರಲ್ಲಿ ಜನರ ಕಾಗದ ಒಡೆದು ನೋಡುವ ಅಧಿಕಾರ ಕೊಡುವ ಅಂಚೆ ಮಸೂದೆ ತಂದಿತ್ತು. ರಾಷ್ಟ್ರಪತಿ ಜೈಲ್ ಸಿಂಗ್ ಸಹಿ ಹಾಕದೆ ಇಟ್ಟುಕೊಂಡರು, ಅದಕ್ಕೆ ಉಳಿದೆವು. ಹೆಗಡೆ ರಾಜೀನಾಮೆ ಕೊಟ್ಟ ಅದೇ 1988ರ ಆಗಸ್ಟ್‌ನಲ್ಲಿ ಪತ್ರಿಕೆಗಳ ಬಾಯಿ ಕಟ್ಟುವ ಮಾನನಷ್ಟ ಮಸೂದೆಯನ್ನು ಲೋಕಸಭೆಯಲ್ಲಿ ಪಾಸು ಮಾಡಿದರು. ದೇಶದ ಪತ್ರಕರ್ತರೆಲ್ಲ ಬೀದಿಗೆ ಬಂದ ಮೇಲೆ ವಾಪಸ್ ತಗೊಂಡರು. ಮರುವರ್ಷ ಏಪ್ರಿಲ್‌ನಲ್ಲಿ ಹೆಗಡೆಯವರ ನಂತರ ಬಂದ ಬೊಮ್ಮಾಯಿ ಸರ್ಕಾರವನ್ನು ವಿಧಾನಸಭೆಯಲ್ಲಿ ಬಹುಮತ ಸಾಬೀತಿಗೆ ಅವಕಾಶ ಕೊಡದೆ ವಜಾ ಮಾಡಿದರು. ಆ ಕೇಸು 1994ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಗಿ, ಬಹುಮತ ನೋಡಬೇಕಾದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ ಅಂತಾಯಿತು. ಕದ್ದು ಕೇಳಿದವರೂ, ಕದ್ದು ಕೇಳಿದ್ದನ್ನು ಬಯಲು ಮಾಡಿದವರೂ ಒಂದೇ ಬಾವಿಯ ನೀರು ಕುಡಿದವರು.

ಇನ್ನೊಂದು ನೆನಪಿಸ್ತೇನೆ. 1991ರ ಮಾರ್ಚ್‌ನಲ್ಲಿ ಚಂದ್ರಶೇಖರ್ ಸರ್ಕಾರ ಬಿತ್ತಲ್ಲ, ಯಾಕೆ? ಹರಿಯಾಣದ ಇಬ್ಬರು ಪೊಲೀಸ್ ಪೇದೆಗಳು ರಾಜೀವ್ ಗಾಂಧಿಯವರ ಮನೆ ಹತ್ತಿರ ಸುಳಿದಾಡಿ ಗೂಢಚಾರಿಕೆ ಮಾಡಿದರು ಅಂತ ಆರೋಪ. ಇಬ್ಬರು ಪೇದೆ! ಅಷ್ಟಕ್ಕೆ ಪ್ರಧಾನಿಯ ಕುರ್ಚಿ ಹೋಯಿತು. ನಮ್ಮ ಕೇರಿಗಳ ಹತ್ತಿರ ವರ್ಷವಿಡೀ ಸುಳಿದಾಡುವವರ ಲೆಕ್ಕ ತೆಗೆದರೆ ಎಷ್ಟು ಸರ್ಕಾರ ಬೀಳಬೇಕಿತ್ತು? ಒಂದು ಪಂಚಾಯತಿಯೂ ಬಿದ್ದಿಲ್ಲ.

ತುರ್ತುಪರಿಸ್ಥಿತಿಯ ವಿಷಯಕ್ಕೆ ಬಂದರೆ ನಮ್ಮ ಮನೆಗಳಲ್ಲಿ ಒಂದು ತೊಡಕಿದೆ, ಅದನ್ನೂ ಮುಚ್ಚಿಡೋದಿಲ್ಲ. ನಮ್ಮ ಹಿರಿಯರಿಗೆ ಇಂದಿರಮ್ಮ ಅಂದರೆ ದೇವರು. ದೇವರಾಜ ಅರಸು ಕಾಲದ ಭೂಸುಧಾರಣೆ, ಉಳುವವನೇ ಹೊಲದೊಡೆಯ, ಡಿಕ್ಲರೇಷನ್ ಕೊಟ್ಟು ಭೂಮಿ ಆದದ್ದು ಆ ವರ್ಷಗಳಲ್ಲೇ. ಗೇಣಿ ಮಾಡುತ್ತಿದ್ದವರಿಗೆ ಭೂಮಿ ಸಿಕ್ಕಿತು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ನಮ್ಮಲ್ಲಿ ಹೆಚ್ಚಿನವರಿಗೆ ಸಿಗಲಿಲ್ಲ, ಆದರೂ ಸಂತೋಷ ಪಟ್ಟರು. ಅದೇ ಹೊತ್ತಿಗೆ ಬೆಂಗಳೂರು ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಆಸ್ತಮಾದಲ್ಲಿ ಉಸಿರು ಎಳೆಯುತ್ತಿದ್ದರು. ಬಿಡುಗಡೆ ಆಗಿ ಸ್ವಲ್ಪ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಒಂದು ಕೈಯಲ್ಲಿ ಭೂಮಿ, ಇನ್ನೊಂದು ಕೈಯಲ್ಲಿ ಬೀಗ. ನಾವು ಭೂಮಿ ಕೊಟ್ಟ ಕೈ ಮಾತ್ರ ನೋಡಿದೆವು. ಇವತ್ತು ಎರಡು ಸಾವಿರ ಕೊಡುವ ಕೈ ಮಾತ್ರ ನೋಡುವುದೂ ಅದೇ ತಪ್ಪು.

ಈಗ ಯಂತ್ರ ಹೇಗೆ ಓಡ್ತದೆ ನೋಡಿ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತೇನೆ.

ಫೋನ್ ಕದ್ದು ಕೇಳಲು ಇದ್ದ ಕಾನೂನು ಬ್ರಿಟಿಷರ 1885ರ ಟೆಲಿಗ್ರಾಫ್ ಕಾಯ್ದೆ. ಪಿಯುಸಿಎಲ್ ಕೋರ್ಟಿಗೆ ಹೋದದ್ದರಿಂದ 1996ರಲ್ಲಿ ಸುಪ್ರೀಂ ಕೋರ್ಟ್ ಕೆಲವು ನಿಯಮ ಹಾಕಿತು. ಗೃಹ ಕಾರ್ಯದರ್ಶಿ ಆದೇಶ ಕೊಡಬೇಕು, ಅದನ್ನು ಒಂದು ಸಮಿತಿ ಎರಡು ತಿಂಗಳಲ್ಲಿ ಪರಿಶೀಲಿಸಬೇಕು ಅಂತ. ಆ ಸಮಿತಿಯಲ್ಲಿ ಯಾರು? ರಾಜ್ಯದಲ್ಲಾದರೆ ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಇನ್ನೊಬ್ಬ ಕಾರ್ಯದರ್ಶಿ. ಕೇಳುವವರೂ ಸರ್ಕಾರ, ಕೊಡುವವರೂ ಸರ್ಕಾರ, ಸರಿ ಇದೆಯಾ ಅಂತ ನೋಡುವವರೂ ಸರ್ಕಾರ. ನಡುವೆ ಒಬ್ಬ ನ್ಯಾಯಾಧೀಶರೂ ಇಲ್ಲ, ವಿರೋಧ ಪಕ್ಷದವರೂ ಇಲ್ಲ. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು, 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮ ಬಂತು, ಆದರೆ ಈ ಮೂಲ ವ್ಯವಸ್ಥೆ ಬದಲಾಗಲಿಲ್ಲ. ಕೇಂದ್ರ ಗೃಹ ಇಲಾಖೆ 2013ರಲ್ಲಿ ಆರ್‌ಟಿಐ ಅರ್ಜಿಗೆ ಕೊಟ್ಟ ಉತ್ತರದ ಪ್ರಕಾರ ತಿಂಗಳಿಗೆ 7,500ರಿಂದ 9,000 ಕದ್ದಾಲಿಕೆ ಆದೇಶ. ಮನಮೋಹನ್ ಸಿಂಗ್ ಕಾಲದ್ದು ಇದು, ಮೋದಿ ಕಾಲದ್ದಲ್ಲ. ದಿನಕ್ಕೆ ಮುನ್ನೂರು ಆದೇಶವನ್ನು ಒಬ್ಬ ಕಾರ್ಯದರ್ಶಿ ಓದಿ ಸಹಿ ಹಾಕ್ತಾರೆ ಅಂತ ನಂಬುವವರು ಕೈ ಎತ್ತಿ.

ಮೋದಿ ಸರ್ಕಾರ ಅದನ್ನು ಎಲ್ಲಿಗೆ ಮುಟ್ಟಿಸಿತು ಅನ್ನೋದು ನಮಗೆ ಗೊತ್ತು. ಇವತ್ತಿನ ದಿನ ಅದನ್ನು ಹೇಳದಿದ್ದರೆ ಪಾಪ. ಭೀಮಾ ಕೋರೆಗಾಂವ್ ಹೆಸರಿನ ಕೇಸಿನಲ್ಲಿ ಆನಂದ ತೇಲ್ತುಂಬ್ಡೆ ಅವರನ್ನು ಬಂಧಿಸಿದ್ದು 2020ರ ಏಪ್ರಿಲ್ 14ಕ್ಕೆ, ಬಾಬಾಸಾಹೇಬರ ಜಯಂತಿಯ ದಿನ. ಬಿಟ್ಟಿದ್ದು 2022ರ ನವೆಂಬರ್ 26ಕ್ಕೆ, ಸಂವಿಧಾನ ದಿನ. ಪೆಗಾಸಸ್‌ನಿಂದ ನಿಮ್ಮ ಫೋನಿಗೆ ಕನ್ನ ಹಾಕಿರಬಹುದು ಅಂತ ವಾಟ್ಸಾಪ್ ಕಂಪನಿಯೇ 2019ರಲ್ಲಿ ಅವರಿಗೆ ತಿಳಿಸಿತ್ತು. ಅದೇ ಕೇಸಿನ ರೋನಾ ವಿಲ್ಸನ್ ಲ್ಯಾಪ್‌ಟಾಪಿಗೆ ಹೊರಗಿನಿಂದ ಕಡತ ತುರುಕಿದ್ದರು ಅಂತ ಅಮೆರಿಕದ ಆರ್ಸೆನಲ್ ಸಂಸ್ಥೆ 2021ರಲ್ಲಿ ವರದಿ ಕೊಟ್ಟಿತು. ಇದನ್ನು ಮರೆತು ನಾನು ಈ ಪೋಸ್ಟ್ ಬರೀತಿಲ್ಲ.

ಆದರೆ ಆ ಕೇಸಿಗೆ ಬಳಸಿದ ಯುಎಪಿಎಗೆ ಹಲ್ಲು ಮಸೆದದ್ದು ಯಾರು? 1967ರಲ್ಲಿ ಇಂದಿರಾ ಕಾಲದಲ್ಲಿ ಬಂತು. 2008ರಲ್ಲಿ ಯುಪಿಎ ಸರ್ಕಾರ ಜಾಮೀನು ಸಿಗದ ಹಾಗೆ ಬಿಗಿ ಮಾಡಿತು, ಎನ್‌ಐಎಯನ್ನೂ ಅದೇ ವರ್ಷ ಕಟ್ಟಿತು. ಆಧಾರ್ ಶುರುವಾದದ್ದೂ ಯುಪಿಎ ಕಾಲದಲ್ಲೇ. ಅದರ ವಿರುದ್ಧ 2012ರಲ್ಲಿ ಕೋರ್ಟಿಗೆ ಹೋದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮುದುಕರು. ಅವರ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಕಾಂಗ್ರೆಸ್ ಕಾಲದಲ್ಲಿ ಹಾಕಿದ ಕೇಸು, ಬಿಜೆಪಿ ಕಾಲದಲ್ಲಿ ತೀರ್ಪು, ಎರಡೂ ಸರ್ಕಾರದ ವಕೀಲರು ಅವರ ಎದುರು ನಿಂತರು. ಆ ಮುದುಕರು ಸರ್ಕಾರ ಯಾವುದು ಅಂತ ನೋಡಲಿಲ್ಲ, ಅಧಿಕಾರ ಎಂಥದ್ದು ಅಂತ ನೋಡಿದರು. ನಾವು ಅವರಿಂದ ಕಲಿಯಬೇಕಾದ್ದು ಇಷ್ಟೆ.

ಇನ್ನು ನಮ್ಮ ಗೃಹ ಮಂತ್ರಿಗಳ ವಿಷಯ. ಡಾ. ಜಿ. ಪರಮೇಶ್ವರ್ ನಮ್ಮ ಸಮುದಾಯದವರು, ನಮ್ಮ ಹೆಮ್ಮೆ. ಪೆಗಾಸಸ್ ಸುದ್ದಿ 2021ರಲ್ಲಿ ಹೊರಬಂದಾಗ, ಗುರಿಯಾಗಿರಬಹುದಾದ ನಂಬರುಗಳ ಪಟ್ಟಿಯಲ್ಲಿ 2019ರಲ್ಲಿ ಉಪಮುಖ್ಯಮಂತ್ರಿ ಆಗಿದ್ದ ಅವರ ನಂಬರೂ ಇತ್ತು. ಕುಮಾರಸ್ವಾಮಿ, ಸಿದ್ದರಾಮಯ್ಯ ಇಬ್ಬರ ಆಪ್ತ ಕಾರ್ಯದರ್ಶಿಗಳ ನಂಬರೂ ಇತ್ತು ಅಂತ ವರದಿ ಆಯಿತು. ಕುಮಾರಸ್ವಾಮಿ ಸರ್ಕಾರ ಬಿದ್ದ ಮೇಲೆ, ಅದೇ ಸರ್ಕಾರ ಬೇರೆಯವರ ಫೋನ್ ಕದ್ದು ಕೇಳಿತ್ತು ಅಂತ ಆರೋಪ ಬಂದು ಯಡಿಯೂರಪ್ಪ ಸಿಬಿಐಗೆ ಕೊಟ್ಟರು. ಕದ್ದು ಕೇಳಿಸಿಕೊಂಡವರು, ಕದ್ದು ಕೇಳಿದ ಆರೋಪ ಹೊತ್ತವರು, ಎಲ್ಲ ಒಂದೇ ಪಂಕ್ತಿಯಲ್ಲಿ!

ಪರಮೇಶ್ವರ್ ಸಾಹೇಬರೇ, ಯಾರೋ ನಮ್ಮ ಮಾತು ಕೇಳ್ತಿದ್ದಾರೆ ಅನ್ನುವ ಸಂಕಟ ನಿಮಗೆ ಗೊತ್ತು. ಇವತ್ತು ಆ ಇಲಾಖೆ ನಿಮ್ಮದು. ವರ್ಷಕ್ಕೆ ಎಷ್ಟು ಕದ್ದಾಲಿಕೆ ಆದೇಶ ಆಯಿತು ಅನ್ನುವ ಸಂಖ್ಯೆಯನ್ನಾದರೂ ಸದನದಲ್ಲಿ ಇಡಿ. ಹೆಸರು ಬೇಡ, ಸಂಖ್ಯೆ ಸಾಕು. ನಮ್ಮವರು ಕೂತ ಕುರ್ಚಿಯಿಂದ ನಾವು ಅಷ್ಟೂ ಕೇಳಬಾರದಾ?

ಮತ್ತೆ ರೌಡಿ ಪಟ್ಟಿ. 2024ರ ಮೇ ತಿಂಗಳಲ್ಲಿ ದೆಹಲಿಯ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ: ಹಿಂದುಳಿದವರು, ಪರಿಶಿಷ್ಟರು ಅನ್ನುವ ಕಾರಣಕ್ಕೆ ಯಾಂತ್ರಿಕವಾಗಿ ಇಂಥ ಪಟ್ಟಿಗೆ ಹೆಸರು ಸೇರಿಸಬಾರದು, ರಾಜ್ಯಗಳು ತಮ್ಮ ನಿಯಮ ನೋಡಿಕೊಳ್ಳಬೇಕು ಅಂತ. ಯಾಕೆ ಹೇಳಬೇಕಾಯಿತು? 1871ರಲ್ಲಿ ಬ್ರಿಟಿಷರು ಹುಟ್ಟಿನಿಂದಲೇ ಅಪರಾಧಿ ಅಂತ ಇಡೀ ಬುಡಕಟ್ಟುಗಳಿಗೆ ಮುದ್ರೆ ಒತ್ತಿದರು. 1952ರಲ್ಲಿ ಆ ಕಾಯ್ದೆ ಹೋಯಿತು, ಠಾಣೆಯ ರಿಜಿಸ್ಟರಿನಿಂದ ಅದು ಹೋಗಲಿಲ್ಲ. ನಮಗೆ ಕಣ್ಗಾವಲು ಅಂದರೆ ಪೆಗಾಸಸ್ ಬಂದ ಮೇಲೆ ಶುರುವಾದದ್ದಲ್ಲ. ಕೇರಿಯನ್ನು ಊರ ಹೊರಗೆ ಇಟ್ಟಿದ್ದೂ ಯಾರು ಯಾವ ದಾರಿಯಲ್ಲಿ ಬಂದರು ಹೋದರು ಅಂತ ನೋಡೋಕೇ. ಈಗ ಅದಕ್ಕೆ ಮೊಬೈಲ್ ಬಂದಿದೆ, ಅಷ್ಟೆ. ಉದ್ಯೋಗ ಖಾತ್ರಿಯಲ್ಲಿ ದಿನಕ್ಕೆ ಎರಡು ಸಲ ಕೂಲಿಯವರ ಫೋಟೋ. ಅಂಗನವಾಡಿಯಲ್ಲಿ ಬಾಣಂತಿಯ ಮುಖ ಸ್ಕ್ಯಾನ್ ಆಗದಿದ್ದರೆ ಆಹಾರದ ಪೊಟ್ಟಣ ಇಲ್ಲ. ಬೆಂಗಳೂರಿನ ಪೌರಕಾರ್ಮಿಕರಿಗೆ ಬಯೋಮೆಟ್ರಿಕ್. ತೋಟದ ಒಡೆಯನ ಮುಖ ಯಾರಾದರೂ ಸ್ಕ್ಯಾನ್ ಮಾಡಿದ್ದು ಕಂಡಿದ್ದೀರಾ?

ನಮ್ಮೂರ ಸಾಬರ ಪಾಡು ನಮಗಿಂತ ಮುಂಚಿನದು. ಊರಿನ ಹೆಸರು ಭಟ್ಕಳ ಅಂದರೆ ಸಾಕು, ಹೊರಗೆ ಹೋದ ಹುಡುಗನನ್ನು ಎರಡು ಸಲ ನೋಡ್ತಾರೆ. ಅವರಿಗೆ ಹಾಗೆ ಆದಾಗ ನಮ್ಮಲ್ಲಿ ಕೆಲವರು ನಮಗೇನು ಅಂದರು. ನಮಗೇನು ಅಂದದ್ದರ ಫಲ ಈಗ ಶಾಲೆಯ ಅಂಗಳಕ್ಕೆ ಬಂದಿದೆ.

ಇನ್ನು, ಅವರು ನಮ್ಮನ್ನು ನೋಡ್ತಾರೆ ಸರಿ, ನಾವು ಅವರನ್ನು ನೋಡಬಹುದಾ? ನಮ್ಮ ಕೈಯಲ್ಲಿದ್ದ ಒಂದೇ ಕಿಟಕಿ ಆರ್‌ಟಿಐ. ಹೋದ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಡೇಟಾ ರಕ್ಷಣೆ ಕಾಯ್ದೆಯ ನಿಯಮ ಜಾರಿ ಮಾಡಿ, ಅದರ ಜತೆಗೇ ಆರ್‌ಟಿಐನ 8(1)(ಜೆ) ಕಲಮು ಬದಲಿಸಿತು. ವೈಯಕ್ತಿಕ ಮಾಹಿತಿ ಅಂದರೆ ಸಾಕು, ಕೊಡೋದಿಲ್ಲ ಅನ್ನಬಹುದು. ಅದೇ ಕಾಯ್ದೆಯಲ್ಲಿ ಸರ್ಕಾರ ತಾನು ಹೇಳಿದ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಬಹುದು. ನಮ್ಮ ಖಾಸಗಿತನದ ಹೆಸರಿನಲ್ಲಿ ಅವರ ಗುಟ್ಟು ಕಾಯುವ ಕಾಯ್ದೆ. ಯಾವ ಹಾಸ್ಟೆಲಿನ ಬಿಲ್ಲು ಯಾರಿಗೆ ಹೋಯಿತು, ಯಾವ ಮನೆ ಯಾರ ಹೆಸರಿಗೆ ಮಂಜೂರಾಯಿತು, ಕೇಳಿದರೆ "ವೈಯಕ್ತಿಕ" ಅನ್ನುತ್ತಾರೆ. ಇದರ ವಿರುದ್ಧ ನಮ್ಮ ರಾಜ್ಯ ಸರ್ಕಾರ ಎಷ್ಟು ಜೋರಾಗಿ ಕೂಗಿತು? ನನಗೆ ಕೇಳಿಸಲಿಲ್ಲ.

ಈಗ ನೀವು ಹೇಳುವ ಮಾತು ನನಗೆ ಗೊತ್ತು. "ಅಣ್ಣಾ, ಈಗ ಇದನ್ನೆಲ್ಲ ಬರೆದರೆ ಬಿಜೆಪಿಗೆ ಲಾಭ." ಹೋದ ವಾರವೇ ಒಬ್ಬ ತಮ್ಮ ಫೋನ್ ಮಾಡಿ ಹೇಳಿದ. ಅವನಿಗೆ ನಾನು ಕೇಳಿದೆ: ಆ ಅಕ್ಕನ ಕೂಲಿ ಹೋದದ್ದರಿಂದ ಯಾರಿಗೆ ಲಾಭ ಆಯಿತು? ನಾವು ಸುಮ್ಮನಿದ್ದರೆ, ಇವತ್ತು ನಮ್ಮ ಸರ್ಕಾರ ಚೂಪು ಮಾಡಿಟ್ಟ ಕತ್ತಿಯೇ ನಾಳೆ ಬಿಜೆಪಿಗೆ ಬಳುವಳಿ. 2008ರಲ್ಲಿ ಯುಎಪಿಎ ಬಿಗಿ ಮಾಡಿದಾಗ ಸುಮ್ಮನಿದ್ದವರು 2018ರಲ್ಲಿ ಅತ್ತರು. ಲಾಭ ನಷ್ಟ ಅಲ್ಲಿ ನೋಡು ಅಂದೆ. ಅವನು ಆಮೇಲೆ ಮಾತಾಡ್ತೇನೆ ಅಂದ. ಇನ್ನೂ ಮಾಡಿಲ್ಲ.

ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ರಾಜಕೀಯದಲ್ಲಿನ ಭಕ್ತಿಯ ಬಗ್ಗೆ ಎಚ್ಚರಿಸಿದ್ದರು. ಅದು ಸರ್ವಾಧಿಕಾರಕ್ಕೆ ದಾರಿ ಅನ್ನುವುದು ಅವರ ಮಾತಿನ ಸಾರ. ನಾವು ಅದನ್ನು ಮೋದಿ ಭಕ್ತರಿಗೆ ಹೊಡೆಯುವ ಕಲ್ಲು ಮಾಡಿಕೊಂಡಿದ್ದೇವೆ. ಆ ಎಚ್ಚರಿಕೆ ನಮಗೂ ಅಲ್ವಾ? ಅವರು ಬರೀ ಹೇಳಿದವರಲ್ಲ. ಹಿಂದೂ ಕೋಡ್ ಬಿಲ್ ಮೂಲೆಗೆ ಸರಿಸಿದಾಗ 1951ರಲ್ಲಿ ತಾವೇ ಕಾನೂನು ಮಂತ್ರಿಯಾಗಿದ್ದ ನೆಹರೂ ಸರ್ಕಾರದಿಂದ ಹೊರಗೆ ಬಂದರು. ಇದು ವಿರೋಧಿಗಳಿಗೆ ಲಾಭ ಅಂತ ಲೆಕ್ಕ ಹಾಕಿ ಒಳಗೇ ಕೂರಲಿಲ್ಲ.

ಅದಕ್ಕೇ ನಾನು ಪಕ್ಷ ಬಿಡಿ ಅಂತಲೂ ಹೇಳೋದಿಲ್ಲ, ಹಿಡಿಯಿರಿ ಅಂತಲೂ ಹೇಳೋದಿಲ್ಲ. 2028ರಲ್ಲಿ ಯಾರಿಗೆ ವೋಟು ಅಂತ ನೀವು ನೋಡಿಕೊಳ್ಳಿ. ಆದರೆ ವೋಟು ಕೇಳೋಕೆ ಬಂದವರ ಎದುರು ಇಷ್ಟು ಇಡೋಣ:

ಮತಾಂತರ ಕಾಯ್ದೆ ರದ್ದು ಮಾಡ್ತೇವೆ ಅಂದಿದ್ದೀರಿ, ಮಾಡಿ. 2021ರ ಪ್ರತಿಭಟನೆ ಆದೇಶ ವಾಪಸ್ ತಗೊಳ್ಳಿ. ಶಾಲೆಯ ಅಂಗಳದಲ್ಲಿ ಅರ್ಜಿ ಬರೆಯುವ ಜನಕ್ಕೆ ಅನುಮತಿ ಬೇಕಿಲ್ಲ ಅಂತ ಬರೆದು ಕೊಡಿ. ದ್ವೇಷ ಯಾವುದು ಅಂತ ಹೇಳುವ ಅಧಿಕಾರ ಅಧಿಕಾರಿಯ ಮೇಜಿನಿಂದ ಕೋರ್ಟಿಗೆ ಹೋಗಲಿ. ಕದ್ದಾಲಿಕೆ ಆದೇಶಗಳ ಸಂಖ್ಯೆ ವರ್ಷಕ್ಕೊಮ್ಮೆ ಸದನದಲ್ಲಿಡಿ. ಸುಪ್ರೀಂ ಕೋರ್ಟ್ ಹೇಳಿದ ಹಾಗೆ ರೌಡಿ ಪಟ್ಟಿಗಳನ್ನು ತೆರೆದು ನೋಡಿ, ಹೋರಾಟಗಾರರ ಹೆಸರು ಎಷ್ಟಿದೆ ಅಂತ ಲೆಕ್ಕ ಕೊಡಿ. ಶಾಂತವಾಗಿ ಕೂತ ಸಭೆಯ ವಿಡಿಯೋ ಪೊಲೀಸರು ಯಾಕೆ ಮಾಡಬೇಕು, ಮಾಡಿದ್ದು ಯಾರ ಹತ್ರ ಇರ್ತದೆ, ಯಾವಾಗ ಅಳಿಸ್ತಾರೆ, ಇದಕ್ಕೊಂದು ಲಿಖಿತ ನಿಯಮ ಮಾಡಿ. ಇದರಲ್ಲಿ ಒಂದಕ್ಕೂ ಬಜೆಟ್ ಬೇಕಾಗಿಲ್ಲ. ಗ್ಯಾರಂಟಿಗೆ ದುಡ್ಡಿಲ್ಲ ಅನ್ನುವ ನೆಪ ಇಲ್ಲಿ ನಡೆಯೋದಿಲ್ಲ.

ಮತ್ತೆ ನಮಗೆ ನಾವೇ ಒಂದು ಮಾತು. ಇನ್ನು ಮುಂದೆ ಯಾವುದೇ ಆದೇಶ ಬಂದಾಗ, ಹೃದಯದ ಚಿಹ್ನೆ ಒತ್ತುವ ಮೊದಲು ಆದೇಶದಲ್ಲಿ ವಿರೋಧಿಯ ಹೆಸರು ಇರುವ ಜಾಗದಲ್ಲಿ ನಮ್ಮ ಹೆಸರು ಹಾಕಿ ಓದೋಣ. ಆಗಲೂ ಸರಿ ಅನಿಸಿದರೆ ಮಾತ್ರ ಶೇರ್ ಮಾಡೋಣ. ನನ್ನ ಅಕ್ಟೋಬರ್ ಪೋಸ್ಟನ್ನು ನಾನು ಅಳಿಸಿಲ್ಲ. ಹಾಗೇ ಇದೆ, ಮೂರು ನೀಲಿ ಹೃದಯದ ಜತೆ. ಹೋಗಿ ನೋಡಿ. ಅಳಿಸಿದರೆ ನನಗೆ ಮರೆತು ಹೋಗ್ತದೆ.

ಇವತ್ತು ಬೆಳಿಗ್ಗೆ ಕಾರ್ಯಕ್ರಮಕ್ಕೆ ಆ ಅಕ್ಕ ಬಂದಿದ್ದಳು. ಬೇರೆ ಕಡೆ ಕೂಲಿ ಸಿಕ್ಕಿದೆಯಂತೆ, ಬಸ್ಸಿಳಿದು ಎರಡು ಮೈಲಿ ನಡೀಬೇಕಂತೆ. ಗ್ರೂಪ್ ಫೋಟೋ ತೆಗೆಯುವಾಗ ಸರಿದು ನಿಂತಳು. ನಾವು ಕರೆದೆವು. "ನನ್ನ ಮುಖ ಬೇಡ ತಮ್ಮಾ, ಹಿಂದೆ ನಿಲ್ತೇನೆ" ಅಂದಳು. ಮೊದಲೆಲ್ಲ ಬಾಬಾಸಾಹೇಬರ ಫೋಟೋ ಹಿಡಿದು ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದವಳು.

ಅದಕ್ಕೇ ಈ ಸಲದ ಫೋಟೋ ಇಲ್ಲಿ ಹಾಕ್ತಾ ಇಲ್ಲ. ಅವಳು ಮತ್ತೆ ಮುಂದಿನ ಸಾಲಿಗೆ ಬರುವ ತನಕ ಹಾಕೋದೂ ಇಲ್ಲ.

ಸ್ಮಶಾನದ ದಾರಿಯ ಅರ್ಜಿ ಕೊಟ್ಟಾಗಿದೆ. ಉತ್ತರ ಬಂದಿಲ್ಲ. ಬಂದ ದಿನ ತಿಳಿಸ್ತೇನೆ.

ಜೈ ಭೀಮ್. ಜೈ ಸಂವಿಧಾನ.